ಎಸರಿಟ್ಟ ಕೇಕು

ಮಗಳಿಗೆ ಸೀಲಿಯಾಕ್ ಅಂತ ಡಾಕ್ಟರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಅವಳ ಹುಟ್ಟುಹಬ್ಬದ ಕೇಕು. ಇನ್ನು ಗೋಧಿ, ಮೈದಾ, ರವಾ ಚಿಟಿಕೆಯೂ ಕೂಡದು. ಬೆಂಗಳೂರಿನ ಗ್ಲುಟೆನ್ ಫ್ರೀ ಹಿಟ್ಟಿನ ರೇಟು ನೋಡಿ ಗಾಬರಿಯಾಗಿ, ರಜೆಗೆ ಯಲಬುರ್ಗಾಕ್ಕೆ ಬಂದಾಗ ನಾನೇ ಕೈ ಹಾಕಿದೆ. ಜೋಳದ ಹಿಟ್ಟು ಎರಡು ಪಾಲು, ಗಂಗಾವತಿ ಅಕ್ಕಿಯ ಹಿಟ್ಟು ಒಂದು, ಕಾರ್ನ್‌ಫ್ಲೋರ್ ಒಂದು. (ಸಜ್ಜೆಯನ್ನೂ ಹಾಕಿ ನೋಡಿದ್ದೆ, ಕಹಿ ಬಂತು. ಸಜ್ಜಿ ಹಿಟ್ಟು ಬಹಳ ದಿನ ತಡೆಯಲ್ಲ ಅನ್ನೋದು ಮರೆತಿತ್ತು.)

ಕೇಕು ಕತ್ತರಿಸಿದರೆ ಹಳ್ಳದ ಉಸುಕಿನಂತೆ ಉದುರಿತು. ಅವ್ವ ನಕ್ಕಳು. "ಎಸರು ಹಾಕಲಾರದ ಜೋಳದ ಹಿಟ್ಟು ಹ್ಯಾಂಗ ಕೂಡತೈತಿ ಯವ್ವಾ?"

ಗೋಧಿ ಹಿಟ್ಟನ್ನು ಹಿಡಿದಿಡೋದು ಗ್ಲುಟೆನ್. ಜೋಳದಲ್ಲಿ ಅದಿಲ್ಲ, ಅದಕ್ಕೇ ರೊಟ್ಟಿಗೆ ಕುದಿಯುವ ನೀರು, ಪಿಷ್ಟ ಅರ್ಧ ಬೆಂದು ಜಿಗಿ ಬರ್ತದೆ. ಇಷ್ಟು ವರ್ಷ ರೊಟ್ಟಿ ತಿಂದ ನನಗೆ ಹೊಳೆಯಲೇ ಇಲ್ಲವಲ್ಲ! ಎರಡನೇ ಸಲ ಕಾಲು ಭಾಗ ಹಿಟ್ಟಿಗೆ ಎಸರು ಸುರಿದು ಆರಲು ಬಿಟ್ಟೆ, ಎರಡು ಚಮಚ ಅಗಸಿ ಪುಡಿ ನೆನೆಸಿ ಲೋಳೆ ಮಾಡಿ ಸೇರಿಸಿದೆ. ಕೇಕು ನಿಂತಿತು.

ರಾತ್ರಿ ಮಗಳಿಗೆ ಹೊಟ್ಟೆನೋವು. ವಿಚಾರಿಸಿದರೆ, ಗಿರಣಿಯಲ್ಲಿ ನಮ್ಮ ಜೋಳಕ್ಕಿಂತ ಮೊದಲು ಯಾರದೋ ಗೋಧಿ ಬೀಸಿದ್ದರು. ಗ್ಲುಟೆನ್ ಫ್ರೀ ಅನ್ನಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ನಿಯಮ. ಗಿರಣಿ ಕಲ್ಲಿಗೆ ಆ ಲೆಕ್ಕ ಎಲ್ಲಿಂದ ಬರಬೇಕು?

ಮರುದಿನ ಎದ್ದು ನೋಡಿದರೆ ಅವ್ವ ಹಿತ್ತಲಲ್ಲಿ ಅಜ್ಜಿಯ ಕಾಲದ ಬೀಸುಕಲ್ಲನ್ನು ಉಜ್ಜಿ ಉಜ್ಜಿ ತೊಳೀತಿದ್ದಳು. ಒಣಗಿದ ಮೇಲೆ ಮೊದಲ ಎರಡು ಹಿಡಿ ಅಕ್ಕಿ ಬೀಸಿ ಕೋಳಿಗೆ ಚೆಲ್ಲಿದಳು. "ಇದಕ ಗೋಧಿ ಮುಟ್ಟಿಸಬ್ಯಾಡ್ರಿ" ಅಂತ ಮನೆಮಂದಿಗೆಲ್ಲ ಕೇಳುವಂತೆ ಕೂಗಿ, ಜೋಳದ ಚೀಲ ಬಿಚ್ಚಿದಳು.