ಗೆಂಡೆಹಳ್ಳಿಯ ದಾರಿಯಲ್ಲಿ ಹಳೆಯ ಕಾರು

ಬೇಲೂರಿಗೆ ಬಂದ ಪ್ರವಾಸಿಗರು ಚೆನ್ನಕೇಶವನ ದರ್ಶನವನ್ನು ಮುಗಿಸಿ, ಸುಮಾರು 16 ಕಿಲೋಮೀಟರು ದೂರದ ಹಳೇಬೀಡಿನ ಕಡೆಗೆ ಮುಖ ಮಾಡುವುದು ವಾಡಿಕೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಯೂ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಅದೇ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಕಡೆಗೆ ಕಾರನ್ನು ತಿರುಗಿಸುವವರು ಮಾತ್ರ ವಿರಳ. ತಿರುಗಿಸಿದವರನ್ನು ಬರಮಾಡಿಕೊಳ್ಳುವುದು ಮಲೆನಾಡಿನ ಸೆರಗು: ನೆರಳುಮರಗಳ ಅಡಿಯ ಕಾಫಿ ತೋಟಗಳು, ಮರವನ್ನು ತಬ್ಬಿದ ಮೆಣಸಿನ ಬಳ್ಳಿಗಳು, ತಗ್ಗಿನಲ್ಲಿ ಗದ್ದೆಯ ಹಸುರು.

ಈ ಸೀಮೆಯಲ್ಲಿ ಹಳೆಯ ಕಾರಿನಲ್ಲಿ ಸಂಚರಿಸುವವನಿಗೆ ನೋಡುವ ಕಣ್ಣಿನಷ್ಟೇ ಕೇಳುವ ಕಿವಿಯೂ ಅವಶ್ಯ. ಮಳೆಯು ಕೊರೆದ ಗುಂಡಿಗೆ ಮುಂದಿನ ಚಕ್ರವು ಇಳಿದಾಗ ಅಡಿಯಿಂದ ‘ಕಟ್’ ಎಂಬ ಸದ್ದು. ಬ್ರೇಕು ಒತ್ತಿದೊಡನೆ ಕಾರು ಒಂದು ಪಕ್ಕಕ್ಕೆ ಎಳೆಯುವುದು. ನೇರ ದಾರಿಯಲ್ಲಿಯೂ ಸ್ಟಿಯರಿಂಗನ್ನು ಮತ್ತೆ ಮತ್ತೆ ತಿದ್ದಬೇಕಾಗುವುದು. ಟೈರು ಒಂದೇ ಅಂಚಿನಲ್ಲಿ ಸವೆಯುವುದು. ಇಂಥ ಲಕ್ಷಣಗಳು ಕಂಡಾಗ ಮೊದಲು ಸಂಶಯಪಡಬೇಕಾದುದು ಮುಂದಿನ ಸಸ್ಪೆನ್ಷನ್ನಿನ ಬುಷ್ಷುಗಳನ್ನು. ಮಕ್ಕಳುಮರಿಗಳನ್ನು ಕೂರಿಸಿಕೊಂಡು ಒದ್ದೆಯಾದ ಇಳಿಜಾರಿನಲ್ಲಿ ಬರುವಾಗ ಇದನ್ನು ಸಣ್ಣ ಮಾತೆಂದು ತಳ್ಳಿಬಿಡುವಂತಿಲ್ಲ.

ಬುಷ್ಷೆಂದರೆ ಅಂಗೈಯಲ್ಲಿ ಅಡಗುವ ರಬ್ಬರಿನ ಬಳೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹುಟ್ಟಿ, 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರ್ ಕಾರನ್ನೇ ನೋಡಿ. ಮುಂದಿನ ಚಕ್ರವನ್ನು ಹಿಡಿದಿರುವ ಕೆಳತೋಳಿನ ಕೀಲಿನಲ್ಲಿ ಇಂಥ ರಬ್ಬರು ಕುಳಿತಿದೆ. ಭಾರವನ್ನು ಟಾರ್ಷನ್ ಬಾರ್ ಎಂಬ ಉದ್ದನೆಯ ಉಕ್ಕಿನ ಸಲಾಕೆಯು ತಿರುಚಿಕೊಂಡು ತಾಳುತ್ತದೆ. ಚಕ್ರವು ಏರಿಳಿದಾಗ ಬಿಗಿದ ರಬ್ಬರು ಜಾರುವುದಿಲ್ಲ. ತನ್ನೊಳಗೇ ತಿರುಚಿ ಮತ್ತೆ ಸ್ವಸ್ಥಾನಕ್ಕೆ ಮರಳುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಕಾಯುವುದೂ ಅದೇ. ವರುಷಗಳು ಕಳೆದಂತೆ, ಎಂಜಿನಿನ ಎಣ್ಣೆ ತೊಟ್ಟಿಕ್ಕಿದಂತೆ, ಅದು ಊದಿ, ಸೀಳಿ, ಸತ್ವಗೆಡುತ್ತದೆ.

ದಾರಿಬದಿಯ ಗ್ಯಾರೇಜೊಂದರಲ್ಲಿ ನಮ್ಮ ಕಾರಿಗೆ ಈ ಚಿಕಿತ್ಸೆ ನಡೆದಾಗ ವೃದ್ಧ ಮೇಸ್ತ್ರಿಯ ವ್ಯವಧಾನವು ಮೆಚ್ಚುವಂತಿದ್ದಿತು. ಜಾಕಿನಿಂದ ಎತ್ತಿದ ಕಾರನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿದ ನಂತರವೇ ಅವರು ಅಡಿಗೆ ನುಸುಳಿದರು. ಮೊದಲು ಟಾರ್ಷನ್ ಬಾರಿನ ಸೆಳೆತವನ್ನು ಇಳಿಸಿದರು. ಬಿಗಿದ ಆ ಸಲಾಕೆಯು ಹಠಾತ್ತನೆ ಸಡಿಲಿದರೆ ಕೈ ಮುರಿಯಬಲ್ಲದು. ತೋಳನ್ನು ಕಳಚಿ, ಹಳೆಯ ರಬ್ಬರನ್ನು ಕೆರೆದು, ತುಕ್ಕನ್ನು ಉಜ್ಜಿ, ಹೊಸ ಬುಷ್ಷಿಗೆ ಸಾಬೂನಿನ ನೀರು ಸವರಿ ಒತ್ತಿ ಕೂರಿಸಿದರು. ಗ್ರೀಸನ್ನು ಮುಟ್ಟಲಿಲ್ಲ, ಅದು ರಬ್ಬರಿಗೆ ಶತ್ರು. ಒಂದು ಪಕ್ಕ ಹೆಚ್ಚು ಸವೆದಿದ್ದರೂ ಎರಡು ಪಕ್ಕವನ್ನೂ ಬದಲಿಸಿದರು. ಕೊನೆಯ ಬಿಗಿತಕ್ಕೆ ಮಾತ್ರ ಕೈಹಾಕಲಿಲ್ಲ.

“ಯಾಕೆ, ಮೇಸ್ತ್ರಿ?” ಎಂದೆ.

“ಗಾಡಿ ತನ್ನ ಭಾರದ ಮೇಲೆ ನೆಲಕ್ಕೆ ಕೂರಲಿ ಸ್ವಾಮಿ, ಆಮೇಲೆ ಬಿಗಿಯೋಣ” ಎಂದರು.

ಕೆಲಸದ ಮರ್ಮವೆಲ್ಲ ಈ ಮಾತಿನಲ್ಲಿಯೇ ಇದೆ. ಚಕ್ರವು ಗಾಳಿಯಲ್ಲಿ ಜೋತಾಡುತ್ತಿರುವಾಗ ಬಿಗಿದರೆ ರಬ್ಬರು ಆ ಭಂಗಿಯನ್ನೇ ತನ್ನ ನೆಲೆಯಾಗಿ ಹಿಡಿಯುತ್ತದೆ. ಕಾರು ಇಳಿದಾಗ ತೋಳು ಮೇಲೇರುವುದರಿಂದ, ಕಾರು ನಿಂತಿದ್ದರೂ ರಬ್ಬರು ತಿರುಚಿಯೇ ಇರುತ್ತದೆ; ಪ್ರತಿಯೊಂದು ಗುಂಡಿಯೂ ಅದನ್ನು ಇನ್ನಷ್ಟು ಹಿಂಡುತ್ತದೆ. ಹೊಸ ಬುಷ್ಷು ಅಕಾಲದಲ್ಲಿ ಹರಿಯುತ್ತದೆ. ಯಜಮಾನನು ಅಂಗಡಿಯ ಮಾಲನ್ನು ಶಪಿಸುತ್ತಾನೆ! ಕಾರನ್ನು ಇಳಿಸಿ, ಒಂದೆರಡು ಬಾರಿ ಅದುಮಿ, ಹಿಂದಕ್ಕೂ ಮುಂದಕ್ಕೂ ಉರುಳಿಸಿ, ಅದು ಸಹಜ ಎತ್ತರದಲ್ಲಿ ನಿಂತ ಮೇಲೆ ಬಿಗಿದರೆ, ರಬ್ಬರಿಗೆ ವಿಶ್ರಾಂತಿಯ ಸ್ಥಾನವು ದೊರೆಯುತ್ತದೆ.

ಬಳಿಕ ಚಕ್ರಗಳ ಅಲೈನ್‌ಮೆಂಟನ್ನು ನೋಡಿಸಿ, ಗೆಂಡೆಹಳ್ಳಿಯ ದಾರಿಯನ್ನು ಹಿಡಿಯಿರಿ. ಅಡಿಯ ಸದ್ದು ಅಡಗಿದ ಕಾರಿನಲ್ಲಿ ಕಿಟಕಿಯನ್ನು ಇಳಿಸಿದರೆ, ಕಾಫಿ ತೋಟದ ಜೀರುಂಡೆಗಳ ದನಿಯು ಕೇಳಿಬರುವುದು.