ತೊಗರಿಗೆ ಊರು ಯಾವುದು

22 ಜನವರಿ 2025, ಬುಧವಾರ
ಕಲಬುರಗಿ

ನೆಹರು ಗಂಜಿನಲ್ಲಿ ಇವತ್ತು ಎಲ್ಲರ ಬಾಯಲ್ಲೂ ಒಂದೇ ಮಾತು. ಹೊರದೇಶದ ತೊಗರಿ ಸುಂಕವಿಲ್ಲದೆ ಬರುವುದು ಮುಂದಿನ ವರ್ಷ ಮಾರ್ಚ್ 31ರವರೆಗೂ ಮುಂದುವರಿಯುತ್ತದೆ ಎಂದು ದಿಲ್ಲಿಯ ಆದೇಶ. ಅದೂ ಹೊಸ ಮಾಲು ಗಂಜಿಗೆ ಬೀಳುವ ಹೊತ್ತಿಗೇ. ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಲಿಲಾವಿನಲ್ಲಿ ಅದಕ್ಕಿಂತ ಕೆಳಗೇ ಕೂಗುತ್ತಿದ್ದಾರೆ. ಚೀಲದ ಮೇಲೆ ಕೂತಿದ್ದ ಮುದುಕರೊಬ್ಬರು, "ಆಫ್ರಿಕಾದ ತೊಗರಿಗೆ ಸುಂಕಿಲ್ಲಂತ, ನಮ್ಮ ತೊಗರಿಗೆ ರೇಟಿಲ್ಲಂತ. ನಡೀಲಿ ಬಿಡ್ರಿ" ಅಂದು ಬೀಡಿ ಹಚ್ಚಿದರು.

ನಾನು ರಫ್ತಿನ ಕಾಗದ ನೋಡಿಕೊಳ್ಳುವ ಕಪನೂರಿನ ಬೇಳೆ ಮಿಲ್ಲಿಗೆ ಬಂದರೆ ದುಬೈಯ ಪಾರ್ಟಿಯ ಮೇಲ್ ಕಾಯುತ್ತಿತ್ತು. ಒಂದು ಕಂಟೇನರ್ ಫಟ್ಕಾ ಬೇಳೆ ಬೇಕು, ಚೀಲದ ಮೇಲೆ 'ಕಲಬುರಗಿ ತೊಗರಿ ಬೇಳೆ' ಅಂತಲೇ ಬರೆದಿರಬೇಕು, ಜೊತೆಗೆ ಮೂಲ ದೇಶದ ಪ್ರಮಾಣಪತ್ರವೂ ಬೇಕು. ಮಿಲ್ಲಿನ ಸಾವ್ಕಾರರಿಗೆ ಖುಷಿಯೋ ಖುಷಿ. ನಮ್ಮ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದು 2019ರಲ್ಲಿ. ಹೊರಗಿನವರು ಹೆಸರು ಹಿಡಿದು ಕೇಳುವ ಕಾಲ ಈಗ ಬಂದಿದೆ.

ತೊಡಕು ಗೋಡೌನಿನಲ್ಲಿದೆ. ಎಡಗಡೆ ಚಿತ್ತಾಪುರ, ಆಳಂದ ಕಡೆಯಿಂದ ಬಂದ ಮಾಲು. ಬಲಗಡೆ ಹೋದ ತಿಂಗಳು ಮುಂಬೈಯಿಂದ ಇಳಿಸಿಕೊಂಡ ಮೊಜಾಂಬಿಕ್‌ನ ಗಜರಿ ತೊಗರಿ. ಮಿಲ್ಲು ಒಂದೇ, ಮಷೀನು ಒಂದೇ.

24 ಜನವರಿ, ಶುಕ್ರವಾರ

ಮಧ್ಯಾಹ್ನ ಸಾವ್ಕಾರರ ಕೋಣೆಯಲ್ಲಿ ಮಾತು ಬಿಸಿಯಾಯಿತು.

"ಕಾಳು ಎಲ್ಲಿಂದರ ಬರ್ಲಿ. ಎಣ್ಣಿ ಹಚ್ಚಿದ್ದು ಇಲ್ಲಿ, ಒಣಗಿಸಿದ್ದು ಇಲ್ಲಿ, ಒಡದಿದ್ದು ಇಲ್ಲಿ. ಮತ್ತ ಕಲಬುರಗಿ ಬ್ಯಾಳಿ ಅಲ್ಲೇನು?"

"ಒಡದಿದ್ದು ಕಲಬುರಗ್ಯಾಗ ಖರೇ ರಿ. ಬೆಳದಿದ್ದು ಕಲಬುರಗ್ಯಾಗಲ್ಲ."

ಅವರ ವಾದದಲ್ಲಿ ಹುರುಳಿಲ್ಲ ಅಂತಲ್ಲ. ನೂಲು ತಂದು ಬಟ್ಟೆ ನೇಯ್ದರೆ ಸರಕೇ ಬೇರೆಯಾಗುತ್ತದೆ, ಸುಂಕದ ಕೋಡೂ ಬದಲಾಗುತ್ತದೆ. ಬೇಳೆಯ ಲೆಕ್ಕ ಹಾಗಲ್ಲ. 0713 ಎಂಬ ಶೀರ್ಷಿಕೆಯ ವಿವರಣೆಯಲ್ಲೇ ಇದೆ: ಒಣ ದ್ವಿದಳ ಧಾನ್ಯ, ಸಿಪ್ಪೆ ತೆಗೆದಿರಲಿ ಬಿಡಲಿ, ಒಡೆದಿರಲಿ ಬಿಡಲಿ. ಗಿರಣಿಯ ಈ ಬಾಯಿಗೆ ಹಾಕಿದ ಕಾಳೂ ಆ ಬಾಯಿಂದ ಬಿದ್ದ ಬೇಳೆಯೂ ಒಂದೇ ಮನೆಯವು. ಸುಂಕ ವಿನಾಯಿತಿಯ ಒಪ್ಪಂದಗಳು ಇಂಥ ಸರಕಿಗೆ ಸಾಮಾನ್ಯವಾಗಿ ಕೇಳುವುದು ಬೆಳೆದ ನೆಲವನ್ನೇ, ಒಡೆದ ಮಿಲ್ಲನ್ನಲ್ಲ. ಭೌಗೋಳಿಕ ಸೂಚಿಕೆಯ ಹೆಸರಂತೂ ಹುಟ್ಟಿದ್ದೇ ಮಣ್ಣಿನ ಮೇಲೆ.

ಸಾಯಂಕಾಲ ಎರಡೂ ಕಡೆಯ ಬೇಳೆಯನ್ನು ಒಂದೊಂದು ಹಿಡಿ ತಂದು ಮೇಜಿನ ಮೇಲೆ ಹರವಿದೆ. ಕಾಳು ಇದ್ದಾಗ ಗಂಜಿನ ಮಂದಿ ಕಣ್ಣಳತೆಯಲ್ಲೇ ಹೇಳಿಬಿಡುತ್ತಾರೆ: ಇದು ಬರ್ಮಾದ ಲೆಮನ್, ಇದು ತಾಂಜಾನಿಯದ ಅರುಷಾ, ಇದು ನಮ್ಮ ಟಿಎಸ್-3ಆರ್. ಸಿಪ್ಪೆ ಹೋಗಿ, ಎಣ್ಣೆ ಕುಡಿದು, ಪಾಲಿಶ್ ಆಗಿ ಬಿದ್ದ ಮೇಲೆ ನಾಲ್ಕು ಹಳದಿ ಹೋಳು, ಅಷ್ಟೇ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮುಕಾದಮರನ್ನು ಕರೆದು ತೋರಿಸಿದೆ. ಮೂಸಿದರು, ಹಲ್ಲಲ್ಲಿ ಕಚ್ಚಿದರು, "ಕುದಿಸಿದ್ರ ಹೇಳ್ತೀನ್ರಿ" ಅಂದರು. ಮಾಲು ಹಡಗೇರುವ ಜವಾಹರಲಾಲ್ ನೆಹರು ಬಂದರಿನಲ್ಲಿ ಯಾರೂ ಕುದಿಸಿ ನೋಡುವುದಿಲ್ಲ. ಅಲ್ಲಿಂದ ಮುಂದೆ ಆ ಬೇಳೆಯ ಊರು ಗೊತ್ತಿರುವುದು ಕಾಗದಕ್ಕೆ ಮಾತ್ರ.

2 ಫೆಬ್ರುವರಿ, ಭಾನುವಾರ
ಕಮಲಾಪುರ

ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ್ ಕ್ರಾಸ್ ದಾಟಿ ಕಾಕಾನ ಹೊಲಕ್ಕೆ ಬಂದೆ. ಕೆಂಪು ಬಾಳೆಯ ಗೊನೆಗಳು ಇನ್ನೂ ಬಲಿಯಬೇಕು. ಹದಿನೆಂಟು ತಿಂಗಳ ಬೆಳೆ, ಗೊಬ್ಬರಕ್ಕೆ ಬಾಯಿಬಿಡುವ ಬೆಳೆ. ಈ ಹಣ್ಣಿಗೂ ಊರ ಹೆಸರಿನದೇ ಮಾನ್ಯತೆ ಇದೆ, ಬೆಳೆಯುವ ಮಂದಿ ಮಾತ್ರ ವರ್ಷ ವರ್ಷ ಕಡಿಮೆ. ದುಬೈ ಬೇಳೆಯ ಸುದ್ದಿ ಕಾಕಾನ ಕಿವಿಗೆ ಆಗಲೇ ಬಿದ್ದಿತ್ತು.

"ನಮ್ಮ ಬಾಳಿಹಣ್ಣೂ ಅದೇ ಡಬ್ಬಿದಾಗ ಹಾಕಿ ಕಳಸವ್ವಾ."

ಒಂದೇ ಡಬ್ಬಿ ಆಗುವುದಿಲ್ಲ, ಹಣ್ಣಿಗೆ ತಂಪಿನ ಕಂಟೇನರ್ ಬೇಕು ಎಂದೆ. ಅಷ್ಟಕ್ಕೆ ಬಿಡಲಿಲ್ಲ, ಪೂರ್ತಿ ಹೇಳಿಸಿಕೊಂಡ. ಬಾಳೆಗೆ 13ರಿಂದ 14 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಇಳಿದರೆ ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಸರಿಯಾಗಿ ಮಾಗುವುದೂ ಇಲ್ಲ. ಆ ಅಂಕಿಯನ್ನು ಹಡಗಿನ ಕಂಪನಿಗೆ ಬರೆದುಕೊಡುವವರು ನಾವು. 13.5ರ ಹಿಂದೆ ಒಂದು ಸಣ್ಣ ಗೀಟು ಬಿದ್ದರೆ ಮೈನಸ್ 13.5, ಬಂದರಿನವನು ಬರೆದಂತೆ ತಿರುಗಿಸುತ್ತಾನೆ, ಒಳಗೆ ಏನಿದೆ ಎಂದು ಅವನು ನೋಡುವುದಿಲ್ಲ. ಹದಿನೆಂಟು ತಿಂಗಳ ದುಡಿಮೆ ಒಂದು ಗೀಟಿಗೆ ಕಲ್ಲಾಗುತ್ತದೆ.

ಕಾಕಾ ನಕ್ಕ. ಆಮೇಲೆ ಗಂಭೀರವಾಗಿ ಕೇಳಿದ, ಮತ್ತೇನೇನು ಬರೆಯಬೇಕು? ಯಾವ ಪಟ್ಟಿಯ ಗಿಡ, ಯಾವತ್ತು ಗೊನೆ ಕಡಿದದ್ದು, ಕೊನೆಯ ಸಲ ಏನು ಹೊಡೆದದ್ದು, ಎಷ್ಟು ದಿನದ ಹಿಂದೆ. ಗೋಡೆಯ ಕ್ಯಾಲೆಂಡರ್ ತೋರಿಸಿದ. ಎಣ್ಣೆ ಹೊಡೆದ ದಿನಗಳಿಗೆ ಪೆನ್ಸಿಲಿನ ಸುತ್ತು, ಪಕ್ಕದಲ್ಲಿ ಮೊಡಿ ಅಕ್ಷರದಂಥ ಅವನದೇ ಗುರುತು. ನಮ್ಮ ಆಫೀಸಿನ ಎಷ್ಟೋ ಫೈಲುಗಳಿಗಿಂತ ಆ ಕ್ಯಾಲೆಂಡರ್ ವಾಸಿ. ಯಾಕೆಂದರೆ ಅದು ಆವತ್ತೇ ಬರೆದದ್ದು. ಆಫೀಸುಗಳಲ್ಲಿ ನಡೆಯುವುದು ಹೋದ ಸಲದ ಫೈಲು ತೆರೆದು ಹೆಸರು, ತಾರೀಖು ಬದಲಿಸುವ ಕೆಲಸ. ಕಾಗದದ ಸುಳ್ಳುಗಳಲ್ಲಿ ಕಳ್ಳತನಕ್ಕಿಂತ ಈ ಸೋಮಾರಿತನದ ಪಾಲೇ ದೊಡ್ಡದು ಎಂಬುದು ನನ್ನ ಅನುಭವ.

13 ಫೆಬ್ರುವರಿ, ಗುರುವಾರ
ಕಲಬುರಗಿ

ತೀರ್ಮಾನ ಆಯಿತು. ದುಬೈಗೆ ಎಡಗಡೆಯ ಮಾಲು ಮಾತ್ರ. ಮಷೀನು ಪೂರ್ತಿ ಖಾಲಿ ಮಾಡಿ, ಗುಡಿಸಿ, ಬೇರೆ ಲಾಟ್ ಎಂದು ಓಡಿಸಿದರು. ಅರ್ಧ ದಿನದ ಕೆಲಸ ಹೋಯಿತು ಎಂದು ಸಾವ್ಕಾರರು ಗೊಣಗಿದರು. ಸುಳ್ಳು ವಿವರ ಕೊಟ್ಟರೆ ಕಸ್ಟಮ್ಸ್ ಕಾಯ್ದೆಯ 114ಎಎ ಕಲಮಿನಡಿ ಮಾಲಿನ ಬೆಲೆಯ ಐದು ಪಟ್ಟಿನವರೆಗೆ ದಂಡ ಹಾಕಬಹುದು, ಭೌಗೋಳಿಕ ಸೂಚಿಕೆಯ ಹೆಸರನ್ನು ಸುಳ್ಳಾಗಿ ಹಚ್ಚಿದರೆ ಕಾಯ್ದೆಯಲ್ಲಿ ಆರು ತಿಂಗಳಿನಿಂದ ಮೂರು ವರ್ಷದ ಸಜೆ ಇದೆ ಎಂದು ಕಸ್ಟಮ್ಸ್ ಏಜೆಂಟರು ಫೋನಿನಲ್ಲಿ ಹೇಳಿದ ಮೇಲೆ ಗೊಣಗಾಟ ನಿಂತಿತು. ಆ ಹೆಸರು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಆ ಕೆಲಸ ಮಾತ್ರ ಸಾವ್ಕಾರರು ಮೊದಲೇ ಮಾಡಿಸಿದ್ದರು.

ಇವತ್ತು ಕಂಟೇನರ್ ತುಂಬಿದೆವು. 25 ಕಿಲೋದ 960 ಚೀಲ, 24,000 ಕಿಲೋ ಬೇಳೆ. ಚೀಲವೊಂದಕ್ಕೆ ನೂರು ಗ್ರಾಂ ಹಿಡಿದರೂ ಖಾಲಿ ಚೀಲಗಳೇ 96 ಕಿಲೋ ಆಗುತ್ತವೆ. ಇದನ್ನು ಬಿಟ್ಟೇ ಲೆಕ್ಕ ಬರೆಯುವವರು ಬಹಳ. ಕಂಟೇನರಿನ ಬಾಗಿಲ ಮೇಲೆ ಬರೆದ ಅದರ ಸ್ವಂತ ತೂಕ ಸೇರಿಸಿ, ವೇಬ್ರಿಜ್ ಚೀಟಿಗೆ ತಾಳೆ ಹಾಕಿ, ಒಟ್ಟು ತೂಕ ಘೋಷಿಸಬೇಕು. 2016ರ ಜುಲೈ 1ರಿಂದ ಜಗತ್ತಿನಲ್ಲೆಲ್ಲ ಇದು ಕಡ್ಡಾಯ; ಇಲ್ಲದಿದ್ದರೆ ಹಡಗಿಗೆ ಏರಿಸುವುದಿಲ್ಲ. ಈ ನಿಯಮದ ಹಿಂದೆ 'ಎಂಎಸ್‌ಸಿ ನೇಪೋಲಿ' ಹಡಗಿನ ಕಥೆಯೂ ಇದೆ. 2007ರ ಜನವರಿಯಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಅದರ ಒಡಲು ಬಿರಿಯಿತು. ಆಮೇಲೆ ಮೇಲಟ್ಟದ 660 ಕಂಟೇನರುಗಳನ್ನು ತೂಗಿ ನೋಡಿದರೆ 137ರಲ್ಲಿ ಬರೆದ ತೂಕಕ್ಕೂ ಇದ್ದ ತೂಕಕ್ಕೂ ಮೂರು ಟನ್ನಿಗಿಂತ ಹೆಚ್ಚು ಅಂತರ. ಹಡಗು ಬಿರಿದದ್ದಕ್ಕೆ ಅದರ ಕಟ್ಟಣೆಯ ದೋಷವೂ ಕಾರಣ, ನಿಜ. ಆದರೆ ಕ್ಯಾಪ್ಟನ್ ಭಾರ ಹಂಚಿದ್ದು ಕಾಗದ ನೋಡಿ.

ಸಂಜೆ ಲಾರಿ ಆಫೀಸಿನ ಹುಡುಗ ಕಂಟೇನರ್ ನಂಬರಿನಲ್ಲಿ 3ರ ಜಾಗಕ್ಕೆ 8 ಟೈಪ್ ಮಾಡಿ ಕಳಿಸಿದ್ದ. ಕಂಪ್ಯೂಟರ್ ತಕ್ಷಣ ಒದ್ದು ಹೊರಗೆ ಹಾಕಿತು. ನಾಲ್ಕು ಅಕ್ಷರ, ಆರು ಅಂಕಿ ಆದಮೇಲೆ ಬರುವ ಏಳನೆಯ ಅಂಕಿ ಹಿಂದಿನವುಗಳಿಂದಲೇ ಲೆಕ್ಕ ಹಾಕಿ ಬರುವಂಥದ್ದು. ಒಂದು ತಪ್ಪಿದರೆ ತಾಳೆಯಾಗುವುದಿಲ್ಲ. ಎಷ್ಟು ಚಂದದ ಉಪಾಯ! ಮೂಲ ದೇಶದ ಕಾಲಮಿಗೆ ಇಂಥ ಕಾವಲು ಅಂಕಿ ಇಲ್ಲ. 2020ರ ಫೆಬ್ರುವರಿಯಿಂದ ಶಿಪ್ಪಿಂಗ್ ಬಿಲ್ಲಿನಲ್ಲಿ ಮೂಲ ರಾಜ್ಯ, ಮೂಲ ಜಿಲ್ಲೆ ಎಂಬ ಕಾಲಮುಗಳೂ ಸೇರಿವೆ. ಏನು ಬರೆದರೂ ಕಂಪ್ಯೂಟರ್ ನುಂಗಿಕೊಳ್ಳುತ್ತದೆ. ಇವತ್ತು ಅಲ್ಲಿ ಕಲಬುರಗಿ ಎಂದು ಬರೆಯುವಾಗ ಕೈ ಅಳುಕಲಿಲ್ಲ.

ಎಂಟು ಗಂಟೆಗೆ ಸೀಲ್ ಹಾಕಿದೆವು. ಲಾರಿ ಸೊಲ್ಲಾಪುರದ ಕಡೆ ಹೊರಟಿತು.

9 ಮಾರ್ಚ್, ಭಾನುವಾರ

ಶರಣಬಸಪ್ಪನ ಜಾತ್ರೆ ಹತ್ತಿರ ಬಂತು, ಓಣಿಯಲ್ಲಿ ಆಗಲೇ ನೆಂಟರು. ತೊಗರಿಯ ಬೆಂಬಲ ಬೆಲೆಗೆ ರಾಜ್ಯ ಸರಕಾರ 450 ರೂಪಾಯಿ ಸೇರಿಸಿ ಖರೀದಿ ಕೇಂದ್ರದಲ್ಲಿ 8,000 ಕೊಡುತ್ತಿದೆ. ಕೇಂದ್ರದ ಪಾಳಿ ಕಾಯಲಾರದವರು ಗಂಜಿಗೇ ತರುತ್ತಿದ್ದಾರೆ.

ಊಟದ ಹೊತ್ತಿಗೆ ಮಾತು ಆಮದಿಗೇ ತಿರುಗಿತು. 2016ರಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದವಾಯಿತು. 2021ರಲ್ಲಿ ಅದನ್ನು ಮುಂದುವರಿಸಿ, ಮಲಾವಿ, ಮ್ಯಾನ್ಮಾರ್ ಜೊತೆಗೂ ಮಾಡಿಕೊಂಡರು. ಒಪ್ಪಂದದ ತೊಗರಿಗೆ ಆ ದೇಶದ ಮೂಲ ಪ್ರಮಾಣಪತ್ರ ಬೇಕು, ಗೊತ್ತುಮಾಡಿದ ಬಂದರುಗಳಲ್ಲೇ ಇಳಿಯಬೇಕು. 2023ರ ಕೊನೆಯಲ್ಲಿ ಎರಡು ಕಂಪನಿಗಳ ವ್ಯಾಜ್ಯದಿಂದ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ಮಾಲು ಸಿಕ್ಕಿಕೊಂಡಾಗ ನಮ್ಮ ಮಿಲ್ಲುಗಳೂ ಮುಂಬೈಯ ದಾರಿ ನೋಡುತ್ತಾ ಕೂತಿದ್ದವು. ನಕಾಲಾದಲ್ಲಿ ಕೆಮ್ಮಿದರೆ ಕಪನೂರಿಗೆ ನೆಗಡಿ.

ಮೈದುನ ರೈತ ಸಂಘದವನು. ಅವನ ಪ್ರಶ್ನೆ: ಈ ಕಾಗದದ ಉಸಾಬರಿಯಿಂದ ರೈತನಿಗೆ ಏನು ಬಂತು?

ಬಂದೇ ಬರುತ್ತದೆ ಎನ್ನುವುದು ನನ್ನ ವಾದ. 2023ರ ಜೂನಿನಲ್ಲಿ ತೊಗರಿ ದಾಸ್ತಾನಿಗೆ ಮಿತಿ ಹಾಕಿದರು. ಸಗಟು ವ್ಯಾಪಾರಿಗೆ 200 ಟನ್. ಆಮದುದಾರ ಕಸ್ಟಮ್ಸ್‌ನಿಂದ ಬಿಡಿಸಿದ ಮಾಲನ್ನು 30 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ. ಎಷ್ಟಿದೆ ಎಂದು ಸರಕಾರದ ಪೋರ್ಟಲಿನಲ್ಲಿ ಘೋಷಿಸಬೇಕಿತ್ತು. ಸಾವಿರ ಟನ್ ಇಟ್ಟುಕೊಂಡವನು ನೂರು ಎಂದು ಬರೆದರೆ ದಿಲ್ಲಿಗೆ ಕಾಣುವುದು ಕೊರತೆ. ಕೊರತೆ ಕಂಡರೆ ಆಮದಿನ ಬಾಗಿಲು ತೆರೆಯುತ್ತದೆ. ಸುಳ್ಳು ಬರೆದವನು ಆಗ ಮಾಲು ಮಾರಿ ಮುಗಿಸಿರುತ್ತಾನೆ, ಜನವರಿಯಲ್ಲಿ ಗಂಜಿಗೆ ಬಂದ ಆಳಂದದ ರೈತ ದಂಡ ಕಟ್ಟುತ್ತಾನೆ.

ಅವನು ಸುಮ್ಮನಿರಲಿಲ್ಲ. "ಬೇಲೇಕೇರಿದಾಗೂ ಕಾಗದ ಇದ್ದವಲ್ಲ?"

ಇದ್ದವು. ಆ ಬಂದರಿನಿಂದ ಕಳ್ಳದಾರಿಯಲ್ಲಿ ಹೋದ ಕಬ್ಬಿಣದ ಅದಿರಿನ ಲೆಕ್ಕ ಸಿಕ್ಕಿಬಿದ್ದದ್ದೂ ಆ ಕಾಗದಗಳಿಂದಲೇ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿ, ಹಡಗಿನಲ್ಲಿ ಹೋದ ಅದಿರನ್ನೂ ಇಲಾಖೆ ಕೊಟ್ಟ ಪರ್ಮಿಟ್ಟುಗಳನ್ನೂ ಎದುರುಬದುರು ಇಟ್ಟು ನೋಡಿತು. 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ನಿಗೆ ಪರ್ಮಿಟ್ಟೇ ಇರಲಿಲ್ಲ. ಒಂದು ಕಚೇರಿಯ ಕಾಗದವನ್ನು ತಿದ್ದಬಹುದು. ಗಣಿ, ಅರಣ್ಯ, ಬಂದರು, ಕಸ್ಟಮ್ಸ್, ನಾಲ್ಕೂ ಕಡೆಯ ಅಂಕಿಗಳನ್ನು ಒಂದೇ ಸಲ ತಿದ್ದುವುದು ಕಷ್ಟ. ಆದರೆ ತಾಳೆ ನೋಡುವ ಮನಸ್ಸಿನ ಒಬ್ಬರಾದರೂ ಬೇಕು. ಅದಕ್ಕೆ ಅಷ್ಟು ವರ್ಷ ಹಿಡಿದದ್ದು ನಮ್ಮ ರಾಜ್ಯದ ದುರ್ದೈವ.

27 ಮೇ, ಮಂಗಳವಾರ

ಬಿಸಿಲಿಗೆ ಮಧ್ಯಾಹ್ನ ಮಿಲ್ಲು ಬಂದ್. ಮೊಬೈಲಿನಲ್ಲಿ ಕೇರಳದ ಸುದ್ದಿ. ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ 'ಎಂಎಸ್‌ಸಿ ಎಲ್ಸಾ 3' ಭಾನುವಾರ ಮುಳುಗಿತು. 640 ಕಂಟೇನರು, 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ದಂಡೆಗೆ ಬಂದ ಡಬ್ಬಿಗಳನ್ನು ಮುಟ್ಟಬೇಡಿ ಎಂದು ಮೀನುಗಾರರಿಗೆ ಹೇಳುತ್ತಿದ್ದಾರೆ.

ಕಾಕಾನಿಗೆ ಫೋನ್ ಮಾಡಿದಾಗ ಇದೇ ಮಾತು ಬಂತು. ಕಾರ್ಬೈಡ್ ಹಣ್ಣಿನ ಮಂದಿಗೆ ಹೊಸದಲ್ಲ. ಹಣ್ಣು ಮಾಗಿಸಲು ಅದನ್ನು ಬಳಸುವಂತಿಲ್ಲ ಎಂದು ಕಾನೂನೇ ಇದೆ, ಆದರೂ ಕದ್ದುಮುಚ್ಚಿ ನಡೆಯುತ್ತದೆ. ನೀರು ತಾಗಿದರೆ ಅಸಿಟಿಲೀನ್ ಅನಿಲ ಬರುತ್ತದೆ, ಹತ್ತಿಕೊಂಡು ಉರಿಯುತ್ತದೆ. ಕೋಸ್ಟ್ ಗಾರ್ಡಿನವರಿಗೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ಹೇಳುವುದು ಸರಕಿನ ಪಟ್ಟಿ ಒಂದೇ. ಅದರಲ್ಲಿ ಯಾರೋ ಒಬ್ಬರು ದುಡ್ಡುಳಿಸಲು ಬೇರೆ ಹೆಸರು ಬರೆದಿದ್ದರೆ?

ಕಾಕಾನ ಬಾಳೆ ಈ ವರ್ಷ ದುಬೈಗೆ ಹೋಗಲಿಲ್ಲ. ಒಂದು ಕಂಟೇನರ್ ತುಂಬುವಷ್ಟು ಒಂದೇ ಹದದ ಗೊನೆ ಸುತ್ತಲಿನ ಹೊಲಗಳಲ್ಲೇ ಸಿಗಲಿಲ್ಲ. ರಸ್ತೆ ಪಕ್ಕದ ಅಂಗಡಿಗಳಿಗೇ ಕೊಟ್ಟ. ರೇಟು ಚಲೋ ಸಿಕ್ಕಿತಂತೆ.

18 ಜೂನ್, ಬುಧವಾರ

ದುಬೈಯವರು ಮತ್ತೆ ಕೇಳಿದ್ದಾರೆ, ಈ ಸಲ ಎರಡು ಕಂಟೇನರು. ಜೊತೆಗೆ ಒಂದು ಹೊಸ ಬೇಡಿಕೆ: ಕಾಳು ಯಾವ ಯಾವ ಹಳ್ಳಿಯದು ಎಂಬ ಪಟ್ಟಿ ಕೊಡಿ.

ಅಡತ್ ಅಂಗಡಿಗಳ ತಕ್‌ಪಟ್ಟಿಗಳನ್ನು ಹರವಿಕೊಂಡು ಕೂತೆ. ತೂಕ ಇದೆ, ರೇಟು ಇದೆ, ಹಮಾಲಿ ಇದೆ, ಕಮಿಷನ್ ಇದೆ. ರೈತನ ಹೆಸರು ಬಹಳಷ್ಟರಲ್ಲಿ ಅರ್ಧ. ಊರಿನ ಜಾಗ ಖಾಲಿ, ಇಲ್ಲವೇ ಅಡ್ಡಗೀಟು. ಕೆಲವರು ಎಲ್ಲ ಚೀಟಿಗೂ ಒಂದೇ ಹಳ್ಳಿ ಬರೆದಿದ್ದಾರೆ. ಇಷ್ಟು ದೊಡ್ಡ ಗಂಜಿನಲ್ಲಿ ತೊಗರಿ ಬಂದ ಹೊಲದ ದಾಖಲೆ ಮೊದಲ ಚೀಟಿಯಲ್ಲೇ ಕಳೆದುಹೋಗುತ್ತದೆ. ಹೆಸರಿನ ಲಾಭವೂ ಅಲ್ಲಿಯೇ ರೈತನ ಕೈ ತಪ್ಪುತ್ತದೆ.

ಒಂದು ಅರ್ಜಿ ಬರೆದಿಟ್ಟಿದ್ದೇನೆ, ಸಾವ್ಕಾರರೂ ಸಹಿ ಹಾಕಿದ್ದಾರೆ. ನಾಳೆ ಎಪಿಎಂಸಿಗೆ ಕೊಡಬೇಕು: ಬರುವ ಸುಗ್ಗಿಯಿಂದ ತಕ್‌ಪಟ್ಟಿಯಲ್ಲಿ ರೈತರ ಪೂರ್ತಿ ಹೆಸರು, ಹಳ್ಳಿ ಬರೆಯುವುದನ್ನು ಕಡ್ಡಾಯ ಮಾಡಿರಿ.