ತೂಕ ಎಷ್ಟು?

ಮಗು ಹುಟ್ಟಿತು ಅಂದಕೂಡಲೇ ನಾವು ಕೇಳೋ ಎರಡನೇ ಪ್ರಶ್ನೆ ಇದು. ನೀವೂ ಕೇಳಿರ್ತೀರಿ. ಉತ್ತರವನ್ನ ಅಂಕಪಟ್ಟಿ ತರಾನೇ ಓದ್ತೀವಿ: 2.5 ಕಿಲೋಗಿಂತ ಕಡಿಮೆ ಅಂದ್ರೆ ಫೇಲು, 3.5 ಅಂದ್ರೆ ಫಸ್ಟ್ ಕ್ಲಾಸು. ಫೇಲಾದ್ರೆ ತಪ್ಪು ಯಾರದ್ದು? ಅಮ್ಮನದ್ದೇ. ಸರಿಯಾಗಿ ತಿನ್ನಲಿಲ್ಲವಲ್ಲ!

ದಿನವಿಡೀ ಡೇಟಾ ಜೊತೆ ಏಗೋ ನನಗೆ ಈ ಅಂಕಿ ಬಗ್ಗೆ ತಕರಾರಿದೆ. ಹತ್ತಾರು ಕಾರಣಗಳು ಒಂದೇ ಕಾಲಂನಲ್ಲಿ ಬೆರೆತುಹೋಗಿವೆ.

ಮಾಸು, ಅಂದರೆ ಪ್ಲಸೆಂಟಾ ತಗೊಳ್ಳಿ. ದಿನ ತುಂಬುವಾಗ ಸುಮಾರು ಅರ್ಧ ಕಿಲೋ ಇರುತ್ತೆ. ಅಮ್ಮನ ರಕ್ತ ಮಗುವಿನ ರಕ್ತದ ಜೊತೆ ಬೆರೆಯೋದಿಲ್ಲ. ನಡುವೆ ತೆಳುವಾದ ಪದರವಿದೆ. ಆಮ್ಲಜನಕ ಅದನ್ನ ತಾನಾಗೇ ದಾಟುತ್ತೆ, ಗ್ಲೂಕೋಸ್‌ಗೆ ವಾಹಕ ಪ್ರೋಟೀನ್ ಬೇಕು, ಅಮೈನೋ ಆಮ್ಲಗಳನ್ನಂತೂ ಶಕ್ತಿ ಖರ್ಚು ಮಾಡಿ ಎಳೆದುಕೊಳ್ಳಬೇಕು. ಆದರೆ ನಿಜವಾದ ಕಾಮಗಾರಿ ನಡೆಯೋದು ಬಸಿರಿನ ಮೊದಲರ್ಧದಲ್ಲಿ. ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯೊಳಕ್ಕೆ ನುಗ್ಗಿ, ಅಲ್ಲಿನ ಸುರುಳಿ ಧಮನಿಗಳನ್ನ ಅಗಲ ಮಾಡ್ತವೆ. ಆ ಪೈಪ್‌ಲೈನ್ ಕೆಲಸ ಅರ್ಧಕ್ಕೆ ನಿಂತರೆ, ಎಂಟನೇ ತಿಂಗಳಲ್ಲಿ ಎಷ್ಟು ತುಪ್ಪ ಸುರಿದರೂ ಅದು ಸರಿಹೋಗಲ್ಲ.

ಅಮ್ಮನ ಮೈಕಟ್ಟೂ ಲೆಕ್ಕಕ್ಕೆ ಬರುತ್ತೆ. 1938ರಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಭಾರಿ ಶೈರ್ ಕುದುರೆಗೂ ಗಿಡ್ಡ ಶೆಟ್ಲೆಂಡ್ ಕುದುರೆಗೂ ಮಿಶ್ರತಳಿ ಮಾಡಿ ನೋಡಿದರು. ತಾಯಿ ಶೈರ್ ಆದಾಗ ಮರಿ ದೊಡ್ಡದು, ತಾಯಿ ಶೆಟ್ಲೆಂಡ್ ಆದಾಗ ಚಿಕ್ಕದು. ಎರಡರಲ್ಲೂ ತಳಿ ಮಿಶ್ರಣ ಅದೇ, ಬೇರೆಯಾಗಿದ್ದು ಬಸಿರು.

ಹಾಗಂತ ದೊಡ್ಡ ಮಗುವೆಲ್ಲ ಗಟ್ಟಿಮುಟ್ಟು ಅಂತಲೂ ಅಲ್ಲ. ಅಮ್ಮನ ಸಕ್ಕರೆ ಏರಿದರೆ ಗ್ಲೂಕೋಸ್ ಹೆಚ್ಚು ದಾಟಿ, ಮಗು ಕೊಬ್ಬು ತುಂಬಿಕೊಳ್ಳುತ್ತೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಇನ್ನೂ ವಿಚಿತ್ರವಾದದ್ದು ಕಂಡಿತು. ನಮ್ಮ ಮಕ್ಕಳ ತೂಕ ಬ್ರಿಟಿಷ್ ಮಕ್ಕಳಿಗಿಂತ ಸಾಕಷ್ಟು ಕಡಿಮೆ, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಹೆಚ್ಚುಕಡಿಮೆ ಅಷ್ಟೇ. ತಕ್ಕಡಿಗೆ ಇದೆಲ್ಲ ಕಾಣಲ್ಲ.

ನನ್ನ ಹೆಂಡತಿಗೆ ಇಲ್ಲಿ, ಇಂಗ್ಲೆಂಡಿನಲ್ಲಿ, 32ನೇ ವಾರದ ಸ್ಕ್ಯಾನ್‌ನಲ್ಲಿ ಮಗು ಚಿಕ್ಕದು ಅಂದರು. ವಾಟ್ಸಾಪಿನಲ್ಲಿ ತಕ್ಷಣ ತೀರ್ಪು ಬಂತು: "ಬೆಳಗ್ಗೆ ಸೀರಿಯಲ್ ತಿಂದ್ರೆ ಇನ್ನೇನಾಗುತ್ತೆ?" ಅವಳು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಡಾಕ್ಟರ್ ಮಾತ್ರ ಬೇರೆ ಎರಡು ವಿಷಯ ನೋಡಿದರು: ಹೊಕ್ಕುಳಬಳ್ಳಿಯ ಡಾಪ್ಲರ್‌ನಲ್ಲಿ ರಕ್ತದ ಹರಿವು ಹೇಗಿದೆ, ಮುಂದಿನ ಸ್ಕ್ಯಾನ್‌ಗಳಲ್ಲಿ ಬೆಳವಣಿಗೆ ಅದೇ ಗೆರೆ ಹಿಡಿದು ಸಾಗ್ತಿದೆಯಾ. ಎರಡೂ ಸರಿಯಿತ್ತು. ಮಗಳು 2.6 ಕಿಲೋ. ನಿಮ್ಮ ಮನೆಯಲ್ಲಿ ಇಂಥ ಸ್ಕ್ಯಾನ್ ಬಂದರೆ ದಯವಿಟ್ಟು ಈ ಎರಡನ್ನ ಕೇಳಿ, ತುಪ್ಪದ ಲೆಕ್ಕ ಆಮೇಲೆ.

ಇಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ತಾಯಿಯ ಎತ್ತರ, ತೂಕ, ಜನಾಂಗ ನೋಡಿ ಅವಳಿಗೇ ಅಂತ ಚಾರ್ಟ್ ಮಾಡ್ತಾರೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ನನ್ನ ಹೆಂಡತಿ ಐದಡಿಗೆ ನಿಂತದ್ದು ವಂಶದಿಂದಲೋ, ಅವಳಮ್ಮ ಬಸಿರಿಯಾಗಿದ್ದಾಗ ಎಲ್ಲರದ್ದೂ ಮುಗಿದಮೇಲೆ ಊಟಕ್ಕೆ ಕೂರ್ತಿದ್ದರಿಂದಲೋ? ಚಾರ್ಟ್ ಎರಡನ್ನೂ "ನಾರ್ಮಲ್" ಅಂತಲೇ ಬರೆದುಕೊಳ್ಳುತ್ತೆ.